ಬಳಪ ತಿನ್ನುತ್ತಿದ್ದ ಅಕ್ಕ

ಸೋಮವಾರ ಸಂಜೆ ನಮ್ಮ ಶಾಲೆಯ ಹಿಂದಿನ ಬೇಲಿ ಹತ್ತಿರ ಹೋದರೆ ಕಬ್ಬಿಣದ ನೀಲಿ ಮಾತ್ರೆಗಳು ಕಾಣಿಸುತ್ತಿದ್ದವು. ಬಿಸಿಯೂಟ ಆದ ಮೇಲೆ ನಾನೇ ಕೈಯಾರೆ ಕೊಟ್ಟ ಮಾತ್ರೆಗಳು. ಹುಡುಗಿಯರು ನುಂಗಿದ ಹಾಗೆ ಮಾಡಿ, ನಾಲಿಗೆ ಕೆಳಗೆ ಇಟ್ಟುಕೊಂಡು, ತಟ್ಟೆ ತೊಳೆಯೋಕೆ ಹೋದಾಗ ಉಗುಳಿ ಬರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ವಾರಕ್ಕೆ ಒಂದೇ ಒಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ ಇತ್ತು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಮಕ್ಕಳೂ ಬರೆದುಕೊಂಡರು, ಕಿರುಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸಿದರು. ಮಾತ್ರೆ ಬೇಲಿಗೇ ಹೋಯಿತು.

ಆಮೇಲೆ ಹೆದರಿಸೋ ಕಥೆ ಹೇಳಿದೆ. ರಕ್ತ ಕಡಿಮೆ ಇದ್ದ ಹುಡುಗಿ, ಮದುವೆ, ಹೆರಿಗೆ, ಸಾವು. ಅದು ನನ್ನಿಂದಾದ ದೊಡ್ಡ ತಪ್ಪು. ಮಾತ್ರೆಗೂ ಹೆರಿಗೆಗೂ ಏನೋ ಇದೆ ಅನ್ನೋ ಮಾತಷ್ಟೇ ಮನೆಗೆ ಹೋಯಿತು. ವಾರ ಕಳೆಯೋದ್ರೊಳಗೆ "ಇದು ಮಕ್ಕಳಾಗದ ಹಾಗೆ ಮಾಡೋ ಮಾತ್ರೆಯಂತೆ, ನಮ್ಮ ಹುಡುಗಿಗೆ ಬೇಡ" ಅಂತ ಇಬ್ಬರು ತಾಯಂದಿರು ಬಂದು ಹೇಳಿದರು.

ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. "ನಿನ್ನ ಬಳಪದ ವಿಷಯ ಮಕ್ಕಳಿಗೆ ಹೇಳ್ಲಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೇಳು. ತಿಪ್ಪೆ ವಿಷಯ ಮಾತ್ರ ಬಿಡಬೇಡ" ಅಂದಳು.

ಅಕ್ಕನಿಗೆ ಆಗ 15 ವರ್ಷ. ನನ್ನ ಬ್ಯಾಗಿನಲ್ಲಿ ಬಳಪ ಉಳಿಯುತ್ತಲೇ ಇರಲಿಲ್ಲ. ಅಕ್ಕಿ ಆರಿಸೋಕೆ ಮೊರ ಕೊಟ್ಟರೆ ಹಿಡಿ ಹಿಡಿ ಅಕ್ಕಿ ಬಾಯಿಗೆ ಹೋಗುತ್ತಿತ್ತು. ಬೋರಿನಿಂದ ನೀರು ತರುವಾಗ ದಾರಿಯಲ್ಲಿ ಎರಡು ಸಲ ಕೊಡ ಇಳಿಸಿ ಕೂರುತ್ತಿದ್ದಳು. ಸೋಮಾರಿ ಅಂತ ಅಮ್ಮ ಬೈಯುತ್ತಿದ್ದಳು. ಒಂದು ದಿನ ನರ್ಸಮ್ಮ ಬಂದು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಂದು ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಹೋದರು. ಮೂರನೇ ದಿನ ಅಕ್ಕನಿಗೆ ಮಲ ಕಪ್ಪಗೆ ಬಂತು. ಹೆದರಿಬಿಟ್ಟಳು. ಯಾರಿಗೂ ಹೇಳದೆ ಉಳಿದ ಮಾತ್ರೆಗಳನ್ನೆಲ್ಲ ತಿಪ್ಪೆಯಲ್ಲಿ ಹೂತಳು.

ಮುಂದಿನ ತಿಂಗಳು ನರ್ಸಮ್ಮ ಬಂದಾಗ "ಎಲ್ಲಾ ನುಂಗ್ದೆ" ಅಂದಳು. ನರ್ಸಮ್ಮ ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ಕಪ್ಪಗಾಯ್ತೇನವ್ವಾ?" ಅಕ್ಕ ಅತ್ತುಬಿಟ್ಟಳು. ಅದು ಕಬ್ಬಿಣದಿಂದ ಆಗೋದು, ಹೆದರೋ ಅಂಥದ್ದೇನಿಲ್ಲ ಅಂತ ಆವತ್ತೇ ಗೊತ್ತಾಗಿದ್ದು. ಮತ್ತೆ ಶುರು ಮಾಡಿದಳು. ಮಳೆಗಾಲ ಮುಗಿಯೋ ಹೊತ್ತಿಗೆ ನನ್ನ ಬಳಪ ನನ್ನ ಬ್ಯಾಗಿನಲ್ಲೇ ಇರತೊಡಗಿತು.

ಇಷ್ಟನ್ನು ಒಂಬತ್ತನೇ ಕ್ಲಾಸಿನಲ್ಲಿ ಹೇಳಿದೆ. ಬಳಪ ಅಂದಾಗ ನಕ್ಕರು. ತಿಪ್ಪೆ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿ ನಿಲ್ಲಿಸಿದೆ. ಬೇಲಿಯ ಸುದ್ದಿ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು. "ಮೇಡಂ, ನಾನು ತಮ್ಮನ ಬಳಪ ತಿಂತೀನಿ." ಇನ್ನೊಬ್ಬಳು ಅಕ್ಕಿ ಅಂದಳು. ಮತ್ತೊಬ್ಬಳು ಮಳೆ ಬಿದ್ದಾಗ ಗೋಡೆ ಮಣ್ಣು ಅಂದಳು. ರಕ್ತ ಕಡಿಮೆ ಇದ್ದರೆ ಹೀಗೆಲ್ಲ ತಿನ್ನೋ ಆಸೆ ಆಗೋದುಂಟು. ಮೂವರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಮೂವರಿಗೂ ಹಿಮೋಗ್ಲೋಬಿನ್ ಕನಿಷ್ಠ ಇರಬೇಕಾದ 12ಕ್ಕಿಂತ ಕಡಿಮೆ. ಅವರಿಗೆ ವಾರದ ಮಾತ್ರೆ ಸಾಲದು ಅಂತ ವೈದ್ಯರು ದಿನಾ ನುಂಗೋ ಮಾತ್ರೆ ಬರೆದುಕೊಟ್ಟರು.

ಹೆದರಿಸೋ ಕಥೆಯಲ್ಲಿ ಸತ್ತವಳು ಯಾರೋ ಬೇರೆಯವಳು. ಅಕ್ಕ ಹಾಗಲ್ಲ. ಇವರ ಹಾಗೇ ಮಾತ್ರೆ ಬಿಸಾಕಿದಳು, ಸುಳ್ಳು ಹೇಳಿದಳು, ಆಮೇಲೆ ಸರಿಹೋದಳು. ತಿಪ್ಪೆ ವಿಷಯ ಬಿಡಬೇಡ ಅಂತ ಅವಳು ಯಾಕೆ ಹೇಳಿದಳು ಅನ್ನೋದು ನನಗೆ ಕ್ಲಾಸಿನಲ್ಲಿ ನಿಂತಾಗಲೇ ತಿಳಿಯಿತು.

ಈಗಲೂ ಎಲ್ಲರೂ ನುಂಗುತ್ತಾರೆ ಅಂತ ಹೇಳಲಾರೆ. ಬೇಲಿ ಹತ್ತಿರ ಒಂದೋ ಎರಡೋ ಸಿಗುತ್ತವೆ. ಆದರೆ ಪ್ರಶ್ನೆಗಳು ಜಾಸ್ತಿ ಆಗಿವೆ. ಹೊಟ್ಟೆ ತೊಳಸಿದರೆ ಏನು ಮಾಡೋದು, ಜೊತೆಗೆ ಟೀ ಕುಡೀಬಹುದಾ ಅಂತ ಕೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬೇಡ, ಟೀ-ಕಾಫಿ ಒಂದು ಗಂಟೆಯಾದರೂ ಆಚೆಗಿರಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೇದು ಅಂತ ಹೇಳುತ್ತೇನೆ.

ಹೋದ ಬುಧವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬಳು ಹುಡುಗಿ ಇಣುಕಿದಳು. ಬೇರೆ ಮೇಷ್ಟ್ರುಗಳಿದ್ದರು, ಒಳಗೆ ಬರಲಿಲ್ಲ. ನಾನೇ ಎದ್ದು ಹೋದೆ. ಕಿವಿಯ ಹತ್ತಿರ ಬಂದು "ಮೇಡಂ, ಕಪ್ಪಗಾಯ್ತು" ಅಂದು ಓಡಿಹೋದಳು.