ವಾಚ್ ಇನ್ನೂ ಬಂದಿಲ್ಲ

ಲಾಂಚ್ ಆದ ದಿನವೇ ಬುಕ್ ಮಾಡಿದ ಸ್ಮಾರ್ಟ್‌ವಾಚ್ ಇನ್ನೂ ಬಂದಿಲ್ಲ ಮಾರಾಯ್ರೆ, ಆ್ಯಪ್ ತೆಗೆದಾಗೆಲ್ಲ ಡೆಲಿವರಿ ಡೇಟ್ ಮುಂದಕ್ಕೆ ಹೋಗಿರತ್ತೆ, ದುಡ್ಡು ಮಾತ್ರ ಅವತ್ತೇ ಕಟ್ ಆಯ್ತು, ಅದಕ್ಕೆ ಒಂದ್ ನಿಮಿಷನೂ ಲೇಟಿಲ್ಲ ನೋಡಿ. ಫೋನ್ ಮಾಡಿದ್ರೆ "ಸ್ಟಾಕ್ ಬಂದ ತಕ್ಷಣ ಕಳಿಸ್ತೀವಿ ಸರ್" ಅಂತಾಳೆ ಆ ಹುಡುಗಿ, ಪಾಪ ಅವಳಿಗೂ ಏನೂ ಗೊತ್ತಿಲ್ಲ ಅಂತ ದನಿಯಲ್ಲೇ ತಿಳಿಯತ್ತೆ. ತಮಾಷೆ ಅಂದ್ರೆ ಬೇರೆ ಕಡೆ ತರಿಸಿದ ನೀಲಿ ಸ್ಟ್ರಾಪ್, ಸ್ಕ್ರೀನ್ ಗಾರ್ಡ್ ಎರಡೂ ಬಂದು ಟಿವಿ ಪಕ್ಕ ಕೂತಿವೆ.

ಇದೇನ್ ಹೊಸದಲ್ಲ ಬಿಡಿ. 2012ರಲ್ಲಿ ಪೆಬಲ್ ವಾಚಿನೋರು, ಹೊಸ ಐಟಂ ಮಾಡೋಕೆ ಜನರಿಂದ ಮುಂಚೆನೇ ದುಡ್ಡು ಕೂಡಿಸೋ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 1 ಲಕ್ಷ ಡಾಲರ್, ಬಂದಿದ್ದು 1 ಕೋಟಿಗೂ ಜಾಸ್ತಿ, ಸುಮಾರು 69 ಸಾವಿರ ಜನ ದುಡ್ಡು ಹಾಕಿದ್ರು, ಸೆಪ್ಟೆಂಬರ್‌ಗೆ ಕೊಡ್ತೀವಿ ಅಂದೋರು ಕಳಿಸೋಕೆ ಶುರು ಮಾಡಿದ್ದೇ 2013ರ ಜನವರಿಯಲ್ಲಿ. ಮೊದಲ ಆಪಲ್ ವಾಚೂ ಅಷ್ಟೇ, 2015ರ ಏಪ್ರಿಲ್ 10ಕ್ಕೆ ಬುಕಿಂಗ್ ತೆಗೆದ ಸ್ವಲ್ಪ ಹೊತ್ತಿಗೇ ಎಷ್ಟೋ ಮಾಡೆಲ್‌ಗಳ ಡೇಟ್ ಜೂನ್‌ಗೆ ಜಾರಿತ್ತು. ಹೊಸ ಐಟಂನ ಮೊದಲ ಸಲ ತಯಾರು ಮಾಡೋವಾಗ ಒಂದ್ ಚಿಕ್ಕ ಪಾರ್ಟ್ ಕೈಕೊಟ್ರೂ ಇಡೀ ಲೈನ್ ನಿಲ್ಲತ್ತೆ, ಇದು ಬುದ್ಧಿಗೆ ಗೊತ್ತು, ಆದ್ರೂ ಬೆರಳು ಟ್ರ್ಯಾಕಿಂಗ್ ಲಿಂಕ್ ಒತ್ತೋದ್ ಬಿಡಲ್ಲ.

ಅಪ್ಪ ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಎಚ್‌ಎಂಟಿ ವಾಚಿಗೆ ಕೀ ಕೊಡ್ತಾ "ನಮ್ ಕಾಲದಲ್ಲೂ ಇದಕ್ಕೆ ಕಾಯ್ತಿದ್ವಪ್ಪ, ಆದ್ರೆ ಗಂಟೆಗೊಂದ್ ಸಲ ಫೋನ್ ನೋಡ್ತಿರ್ಲಿಲ್ಲ" ಅಂತಾರೆ. ಕ್ಯಾನ್ಸಲ್ ಮಾಡ್ರೀ ಸಾಕು ಅಂತಾಳೆ ಇವ್ಳು. ಮಾಡಿ ಮತ್ತೆ ಬೇಕು ಅನ್ನಿಸಿದ್ರೆ ಕ್ಯೂನಲ್ಲಿ ಕೊನೇಗ್ ನಿಲ್ಬೇಕಲ್ಲ!