ಕೊಟೇಶನ್‌ಗಳನ್ನು ನುಂಗುವ ಮೇಲ್ ಬಾಕ್ಸ್

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ನಾನು ಪರ್ಚೇಸ್ ನೋಡಿಕೊಳ್ಳುತ್ತೇನೆ. ರೇಟು ಕೇಳುವುದು, ಡ್ರಾಯಿಂಗ್ ಕಳಿಸುವುದು, ಪಿಓ, ಅಂದರೆ ಖರೀದಿ ಆರ್ಡರ್, ಹಾಕುವುದು, ಮಾಲು ಯಾವಾಗ ಬರುತ್ತೆ ಅಂತ ಬೆನ್ನು ಹತ್ತುವುದು. ಇದರಲ್ಲಿ ಮುಕ್ಕಾಲು ಪಾಲು ನಡೆಯುವುದು ಮೇಲ್‌ನಲ್ಲೇ. ಹೋದ ವರ್ಷ ನಮ್ಮ ಆಫೀಸಿಗೆ ಬಿಲ್ಲಿಂಗ್, ಸ್ಟಾಕ್, ಮೇಲ್ ಎಲ್ಲ ಒಂದರಲ್ಲೇ ಇರುವ ಪ್ಯಾಕೇಜ್ ಬಂತು. ಬಿಲ್ಲಿಂಗ್ ಚೆನ್ನಾಗಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಮೇಲ್ ಮಾತ್ರ ದಿನಾ ಜೀವ ತಿನ್ನುತ್ತಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇರೆ ಆಫೀಸುಗಳಲ್ಲೂ ಇದೇ ಕಷ್ಟ ಪಡುತ್ತಿರುವವರು ಇದ್ದೇ ಇರುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಅದು ಮೇಲ್‌ಗಳನ್ನು ಗುಂಪು ಮಾಡುವ ರೀತಿ. ಸಬ್ಜೆಕ್ಟ್ ಒಂದೇ ಆಗಿದ್ದರೆ ಸಾಕು, ಯಾರಿಂದ ಬಂತು ಅಂತ ನೋಡದೆ ಎಲ್ಲವನ್ನೂ ಒಂದೇ ಕಟ್ಟಿಗೆ ಸೇರಿಸಿಬಿಡುತ್ತದೆ. ನಮಗೆ ಮಾಲು ಕೊಡುವವರು ಸಬ್ಜೆಕ್ಟ್ ಅಂತ ಏನು ಬರೆಯುತ್ತಾರೆ? 'ಕೊಟೇಶನ್' ಅಂತ. ಬೊಮ್ಮಸಂದ್ರದವರೂ ಅದೇ, ಹೊಸೂರಿನವರೂ ಅದೇ, ರಾಜಾಜಿನಗರದವರೂ ಅದೇ. ಎಲ್ಲರ ರೇಟೂ ಒಂದೇ ಗುಂಪಿನಲ್ಲಿ. ಕೊನೆಗೆ ಬಂದದ್ದು ಮಾತ್ರ ಮೇಲೆ ಕಾಣುತ್ತದೆ, ಉಳಿದವು ಮಡಚಿಕೊಂಡು ಒಳಗೆ ಕೂತಿರುತ್ತವೆ. ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ರಿಪ್ಲೈ ಒತ್ತಿದರೆ ಆ ಗುಂಪಿನ ಹಳೆಯ ಮೇಲ್‌ಗಳೆಲ್ಲ ನನ್ನ ಉತ್ತರದ ಕೆಳಗೆ ಬಂದು ಅಂಟಿಕೊಳ್ಳುತ್ತವೆ. ಅಂದರೆ ಹೊಸೂರಿನವರಿಗೆ ಬರೆಯುವ ಉತ್ತರದ ಅಡಿಯಲ್ಲಿ ಬೊಮ್ಮಸಂದ್ರದವರ ರೇಟು! ಕಳಿಸುವ ಮೊದಲು ಪ್ರತಿ ಸಲ ಕೆಳಗಿನವರೆಗೂ ಹೋಗಿ, ಅದನ್ನೆಲ್ಲ ಆಯ್ದು ಅಳಿಸಬೇಕು. ಒಬ್ಬರು ನಂಬಿಕೆಯಿಂದ ಕೊಟ್ಟ ರೇಟು ಇನ್ನೊಬ್ಬರ ಕೈಗೆ ಹೋಗಬಾರದು. ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ ಅಲ್ವಾ?

ಇದಕ್ಕೆ ದೊಡ್ಡ ಸಂಶೋಧನೆ ಏನೂ ಬೇಕಾಗಿಲ್ಲ ಅನ್ನುವುದೇ ನನ್ನ ಸಿಟ್ಟಿಗೆ ಕಾರಣ. ಪ್ರತಿ ಮೇಲ್‌ಗೂ ಮೆಸೇಜ್ ಐಡಿ ಅಂತ ಅದರದ್ದೇ ಒಂದು ಗುರುತು ಇರುತ್ತದೆ. ಉತ್ತರ ಬರೆದಾಗ, ಯಾವ ಮೇಲ್‌ಗೆ ಉತ್ತರ ಅನ್ನುವುದು 'ಇನ್ ರಿಪ್ಲೈ ಟು' ಎಂಬ ಸಾಲಿನಲ್ಲಿ ಸೇರುತ್ತದೆ. ನಮಗೆ ಕಾಣುವುದಿಲ್ಲ, ಸಾಫ್ಟ್‌ವೇರ್‌ಗೆ ಕಾಣುತ್ತದೆ. 1982ರಲ್ಲಿ ಬಂದ ಆರ್‌ಎಫ್‌ಸಿ 822 ಎಂಬ ನಿಯಮಾವಳಿಯಲ್ಲೇ ಈ ಎರಡೂ ಇವೆ. ಆ ಸಾಲನ್ನು ಓದಿದ್ದರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ತಾನಾಗೇ ಗೊತ್ತಾಗುತ್ತಿತ್ತು. ಅದನ್ನು ಬಿಟ್ಟು ಬರೀ ಸಬ್ಜೆಕ್ಟ್ ನೋಡಿ ಕಟ್ಟು ಕಟ್ಟಿದ್ದಾರೆ.

ಇನ್ನು ಕನ್ನಡದ ವಿಷಯ. ಕಾಮಾಕ್ಷಿಪಾಳ್ಯದಲ್ಲಿ ನಮಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್ ಒಂದಿದೆ. ಅದರ ಮಾಲೀಕರು ಫೋನಿನಲ್ಲೇ ಕನ್ನಡದಲ್ಲಿ ಮೇಲ್ ಬರೆಯುತ್ತಾರೆ. ಚಿಕ್ಕದಾಗಿ, ನೇರವಾಗಿ, ಒಂದು ಮಾತೂ ಹೆಚ್ಚಿಲ್ಲದೆ. ನಾನೂ ಕನ್ನಡದಲ್ಲೇ ಬರೆಯುತ್ತೇನೆ. ಒಂದು ದಿನ ಅವರು ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿ, 'ಮೇಡಂ, ಇದೇನು?' ಅಂತ ಕೇಳಿದರು. ನಾನು ಬರೆದ ಸಬ್ಜೆಕ್ಟ್ '40 ಪೀಸ್ ಶಾಫ್ಟ್ ಯಾವಾಗ ಸಿಗುತ್ತೆ' ಅಂತ. ಅವರ ಫೋನಿನಲ್ಲಿ 'ಯಾವ' ತನಕ ಸರಿಯಾಗಿತ್ತು. ಆಮೇಲೆ ದೀರ್ಘ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಡೈಮಂಡ್‌ಗಳು. ಅದಾದ ಮೇಲೆ ಒಂಟಿ 'ಗ'.

ನಮ್ಮ ಸಿಸ್ಟಮ್ ನೋಡಿಕೊಳ್ಳುವ ಹುಡುಗ ಆ ಮೇಲ್‌ನ ಸೋರ್ಸ್, ಅಂದರೆ ಒಳಗಿನ ಮೂಲ ರೂಪ, ತೆಗೆದು ತೋರಿಸಿದ. ಮೇಲ್ ಹುಟ್ಟಿದಾಗ ಸಬ್ಜೆಕ್ಟ್ ಸಾಲು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಇತ್ತು. ಬೇರೆ ಲಿಪಿ ಬಂದರೆ ಅದನ್ನು ಸಂಕೇತಕ್ಕೆ ಬದಲಾಯಿಸಿ, ತುಂಡು ತುಂಡು ಮಾಡಿ ಕಳಿಸಬೇಕು. ಒಂದು ತುಂಡು 75 ಕ್ಯಾರೆಕ್ಟರ್ ಮೀರಬಾರದು. ಸಾಮಾನ್ಯವಾಗಿ ಬಳಸುವ ಬೇಸ್64 ಸಂಕೇತದಲ್ಲಿ ಲೆಕ್ಕ ಹಾಕಿದರೆ ಅದರೊಳಗೆ ಹಿಡಿಯುವುದು 45 ಬೈಟ್ (ಬೈಟ್ ಅಂದರೆ ಕಂಪ್ಯೂಟರ್ ಮಾಹಿತಿ ಅಳೆಯುವ ಚಿಕ್ಕ ಅಳತೆ). ಯುಟಿಎಫ್-8, ಅಂದರೆ ಕಂಪ್ಯೂಟರ್ ಎಲ್ಲ ಲಿಪಿಗಳನ್ನೂ ಬರೆದಿಟ್ಟುಕೊಳ್ಳುವ ಪದ್ಧತಿಯಲ್ಲಿ, ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತ ಚಿಹ್ನೆಗೂ 3 ಬೈಟ್ ಬೇಕು. ಬರೀ ಕನ್ನಡ ಅಕ್ಷರಗಳೇ ಇದ್ದರೆ 15 ಸರಿಯಾಗಿ ಕೂರುತ್ತವೆ. ಆದರೆ ಅಂಕಿಗೆ, ಸ್ಪೇಸ್‌ಗೆ ಒಂದೊಂದೇ ಬೈಟ್. ನನ್ನ ಸಾಲಿನಲ್ಲಿ 'ಯಾವ' ಮುಗಿಯುವಾಗ 44 ಬೈಟ್ ಆಗಿತ್ತು. ದೀರ್ಘದ ಮೂರು ಬೈಟ್‌ನಲ್ಲಿ ಒಂದು ಈ ತುಂಡಿಗೆ, ಎರಡು ಮುಂದಿನ ತುಂಡಿಗೆ. ಎರಡು ಕಡೆಯೂ ಅದು ಅಕ್ಷರವಾಗಿ ಉಳಿಯಲಿಲ್ಲ. ಹೀಗೆ ಒಂದು ಅಕ್ಷರದ ನಡುವೆ ಕತ್ತರಿಸಬಾರದು ಅಂತ 1996ರ ಆರ್‌ಎಫ್‌ಸಿ 2047 ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಬರೆದು ಪರೀಕ್ಷೆ ಮಾಡಿದರೆ ಈ ತಪ್ಪು ಯಾವತ್ತೂ ಕಾಣುವುದಿಲ್ಲ. ಒಂದೇ ಒಂದು ಉದ್ದನೆಯ ಕನ್ನಡ ಸಾಲು, ನಡುವೆ ಒಂದೆರಡು ಅಂಕಿ. ಅಷ್ಟು ಹಾಕಿ ನೋಡಿದ್ದರೆ ಸಾಕಿತ್ತು. ಯಾರೂ ನೋಡಿಲ್ಲ. ನನಗೆ ನೋವಾಗಿದ್ದು ಅದಕ್ಕೆ.

ಹುಡುಕುವುದರಲ್ಲೂ ಇದೇ ಕಥೆ. ಕೆಲವು ಕೀಬೋರ್ಡ್‌ಗಳು 'ಬೋಲ್ಟ್' ಅಂತ ಬರೆದಾಗ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ, ಒತ್ತಕ್ಷರ ಅಂಟದ ಹಾಗೆ ತಡೆಯುವ ಚಿಹ್ನೆ. ಹುಡುಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇದು ಹಿಡಿಯುತ್ತದೆ. ಎರಡು ಮೇಲ್‌ನಲ್ಲೂ 'ಬೋಲ್ಟ್' ಅಂತಲೇ ಇರುತ್ತದೆ, ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಅಟ್ಯಾಚ್‌ಮೆಂಟ್‌ಗೆ 10 ಎಂಬಿ ಮಿತಿ ಅಂತ ಬರೆದಿದ್ದಾರೆ. 8 ಎಂಬಿ ಡ್ರಾಯಿಂಗ್ ಹಾಕಿದರೆ ಹೋಗುವುದಿಲ್ಲ. ಮೇಲ್‌ನಲ್ಲಿ ಹೋಗುವಾಗ ಫೈಲ್ ಸುಮಾರು ಮೂರನೇ ಒಂದು ಭಾಗ ಊದಿಕೊಳ್ಳುತ್ತದೆ, 8 ಇದ್ದದ್ದು ಹತ್ತೂವರೆ ದಾಟುತ್ತದೆ. ಅದು ಸರಿ, ಎಲ್ಲ ಕಡೆ ಹಾಗೇ. ಆದರೆ ಫೈಲ್ ಸೇರಿಸುವಾಗಲೇ ಹೇಳಬಹುದಲ್ಲ? ಇದು ಪೂರ್ತಿ ಅಪ್‌ಲೋಡ್ ಮಾಡಿಸಿಕೊಂಡು, ಸೆಂಡ್ ಒತ್ತಿದ ಮೇಲೆ 'ಎರರ್' ಅನ್ನುತ್ತದೆ. ಯಾವ ಎರರ್ ಅಂತ ಹೇಳುವುದಿಲ್ಲ.

ಬರೆಯುತ್ತಿರುವಾಗ ಗೇಟ್ ಹತ್ತಿರ ಲಾರಿ ಬಂದಿದೆ ಅಂತ ಎದ್ದು ಹೋದರೆ ಮುಗೀತು. ವಾಪಸ್ ಬಂದು ಸೆಂಡ್ ಒತ್ತಿದರೆ ಲಾಗಿನ್ ಪುಟ ಬರುತ್ತದೆ, ಬರೆದದ್ದು ಹೋಗಿರುತ್ತದೆ. ಈಗ ನಾನು ಉದ್ದನೆಯ ಮೇಲ್‌ಗಳನ್ನೆಲ್ಲ ನೋಟ್‌ಪ್ಯಾಡ್‌ನಲ್ಲಿ ಬರೆದು, ಇಲ್ಲಿ ತಂದು ಅಂಟಿಸುತ್ತೇನೆ. ಬ್ರೌಸರ್‌ನಲ್ಲಿ ಮೇಲ್ ನೋಡುವುದೇನು ನಿನ್ನೆ ಮೊನ್ನೆಯದಾ? ಬೆಂಗಳೂರಿನಲ್ಲೇ ಶಾಲೆಗೆ ಹೋದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆ ಸೇರಿ ಹಾಟ್‌ಮೇಲ್ ತಂದದ್ದು 1996ರಲ್ಲಿ. ಬರೆದದ್ದನ್ನು ಕಾಪಾಡುವುದನ್ನು ಇಷ್ಟು ವರ್ಷದಲ್ಲಿ ಕಲಿಯಬಹುದಿತ್ತು.

ಈ ಪ್ಯಾಕೇಜ್‌ನ ಡೆಮೋ ದಿನ ನಾನೂ ಹಿಂದೆ ಒಂದು ಕುರ್ಚಿಯಲ್ಲಿ ಕೂತಿದ್ದೆ. ಅವರು ತೋರಿಸಿದ ಇನ್‌ಬಾಕ್ಸ್‌ನಲ್ಲಿ ಬೆರಳೆಣಿಕೆಯಷ್ಟು ಮೇಲ್ ಇದ್ದವು, ಎಲ್ಲ ಇಂಗ್ಲಿಷ್, ಎಲ್ಲಕ್ಕೂ ಬೇರೆ ಬೇರೆ ಸಬ್ಜೆಕ್ಟ್. ಅದರಲ್ಲಿ ಯಾವ ಮೇಲ್ ಸಾಫ್ಟ್‌ವೇರ್ ಆದರೂ ಚೆಂದ ಕಾಣುತ್ತದೆ. ಕೊಳ್ಳುವ ತೀರ್ಮಾನ ಮಾಡಿದವರು ದಿನಕ್ಕೆ ನಾಲ್ಕಾರು ಮೇಲ್ ನೋಡುವವರು. ಬೆಳಗ್ಗೆಯಿಂದ ಸಂಜೆ ತನಕ ಅದರಲ್ಲೇ ಮುಳುಗಿರುವ ನಮ್ಮನ್ನು, ಡಿಸ್ಪ್ಯಾಚ್‌ನವರನ್ನು, ಅಕೌಂಟ್ಸ್‌ನವರನ್ನು ಯಾರೂ ಕೇಳಲಿಲ್ಲ. ಈ ಸಲ ಕೇಳಲೇಬೇಕು ಅಂತ ನಾನು ಹಟ ಹಿಡಿದಿದ್ದೇನೆ.

ಏಪ್ರಿಲ್‌ನಲ್ಲಿ ಲೈಸೆನ್ಸ್ ರಿನ್ಯೂ ಮಾಡಬೇಕು. ಅದಕ್ಕೆ ಮೊದಲು ಈ ಪ್ಯಾಕೇಜ್ ಮಾಡಿದ ಕಂಪನಿಯವರನ್ನು ಕರೆಸಿ, ನನ್ನ ಟೇಬಲ್ ಹತ್ತಿರವೇ ಕೂರಿಸಿ ಅಂತ ನಮ್ಮ ಮಾಲೀಕರಿಗೆ ಬರೆದು ಕೊಟ್ಟಿದ್ದೇನೆ. ಮೂರು ಕಡೆಯಿಂದ ಬಂದ 'ಕೊಟೇಶನ್', ಆ ಶಾಫ್ಟ್‌ನ ಸಬ್ಜೆಕ್ಟ್, 8 ಎಂಬಿ ಡ್ರಾಯಿಂಗ್, ಎರಡು ತರಹದ 'ಬೋಲ್ಟ್', ಎಲ್ಲ ಒಂದು ಫೋಲ್ಡರ್‌ನಲ್ಲಿ ತೆಗೆದಿಟ್ಟಿದ್ದೇನೆ. ಅವರೇ ಕೂತು ಒಂದೊಂದಾಗಿ ಮಾಡಿ ತೋರಿಸಲಿ. ಮಾಲೀಕರು ಆಯ್ತು ಅಂದಿದ್ದಾರೆ. ಕಂಪನಿಯವರು ಇನ್ನೂ ದಿನ ಕೊಟ್ಟಿಲ್ಲ.