ಕನಸಿನಲ್ಲಿ ಮಾಡಿದ ತಪ್ಪಿಗೆ

ಕಳೆದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ನನ್ನ ಗಂಡನೊಂದಿಗೆ ಎರಡು ಗಂಟೆ ಮಾತನಾಡಲಿಲ್ಲ. ಮೂವತ್ತೊಂದು ವರ್ಷಗಳ ಸಂಸಾರದಲ್ಲಿ ಮಾತು ಬಿಟ್ಟದ್ದು ಅದೇ ಮೊದಲೇನಲ್ಲ. ಆದರೆ ಅಂದಿನ ಅಪರಾಧ ನಡೆದದ್ದು ನನ್ನ ಕನಸಿನಲ್ಲಿ: ನಾನು ಕೂಗಿ ಕರೆದರೂ ಅವರು ತಿರುಗಿ ನೋಡಿರಲಿಲ್ಲ. ಎದ್ದು ಮುಖ ತೊಳೆದು, ಹಾಲು ಕಾಯಿಸಿ, ನೀರುದೋಸೆಯ ಕಾವಲಿಗೆಗೆ ಎಣ್ಣೆ ಸವರುವ ಹೊತ್ತಿಗೂ ಆ ಸಿಟ್ಟು ಇಳಿದಿರಲಿಲ್ಲ. ಅದು ಕನಸಲ್ಲವೇ ಎಂದು ಬುದ್ಧಿ ಹೇಳುತ್ತಿತ್ತು. ಹೌದು, ಆದರೂ ಒಮ್ಮೆ ತಿರುಗಿ ನೋಡಬಹುದಿತ್ತಲ್ಲ ಎಂದು ಮನಸ್ಸು ಹಟ ಹಿಡಿದಿತ್ತು.

ಕನಸು ಹೀಗಿತ್ತು. ಅಡುಗೆಮನೆಯ ಕಡೆಯುವ ಕಲ್ಲಿನ ಹಿಂದಿನ ಗೋಡೆಯಲ್ಲಿ ಒಂದು ಸುರಂಗ ತೆರೆದುಕೊಂಡಿದೆ. ಅಲ್ಲಿ ಸುರಂಗವಿರುವುದು ಕನಸಿನೊಳಗೆ ನನಗೆ ವಿಚಿತ್ರವೆನಿಸಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಅದರ ಬಾಯಿಗೊಂದು ಬಾಗಿಲು ಮಾಡಿಸಬೇಕಿತ್ತು ಎಂಬ ಯೋಚನೆ ಮಾತ್ರ ಬಂತು. ಇವರು ಮೇಣದ ಬತ್ತಿ ಹಿಡಿದು, ತಲೆ ತಗ್ಗಿಸಿಕೊಂಡು ಒಳಗೆ ನಡೆಯುತ್ತಿದ್ದಾರೆ. ಬತ್ತಿಯ ಉರಿ ಸಣ್ಣದಾಗುತ್ತಿರುವುದು ನನಗೆ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ. ನಾನು ಕರೆಯುತ್ತೇನೆ. ನನ್ನ ಬಾಯಿಂದ ಹೊರಟದ್ದು ಮಲಯಾಳ: "ಸಾರೇ, ಒನ್ನು ನಿಲ್ಕೂ!" ಸಾರ್, ಸ್ವಲ್ಪ ನಿಲ್ಲಿ ಎಂದು.

ನಮ್ಮ ಕಡೆಯ ಸುರಂಗವನ್ನು ನೋಡದವರಿಗಾಗಿ ಒಂದೆರಡು ಮಾತು ಹೇಳಬೇಕು. ಕಾಸರಗೋಡಿನ ಗುಡ್ಡಗಳೆಲ್ಲ ಮುರಕಲ್ಲಿನವು. ಆ ಗುಡ್ಡಗಳಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ಸಾಗುವಷ್ಟೇ ಅಗಲಕ್ಕೆ, ಬಾವಿಯಂತೆ ಕೆಳಕ್ಕಿಳಿಯದೆ ಒಳಕ್ಕೆ ಸಾಗುವಂತೆ ಪಿಕಾಸಿಯಿಂದ ಕೊರೆದು, ಕಲ್ಲಿನ ಪದರಗಳಲ್ಲಿ ಒಸರುವ ನೀರನ್ನು ಇಳಿಜಾರಿನ ಬಲದಿಂದಲೇ ಹೊರಗಿನ ತೊಟ್ಟಿಗೆ ಹರಿಸಿಕೊಳ್ಳುವ ಏರ್ಪಾಡು ಅದು. ಪಂಪು ಬೇಡ, ವಿದ್ಯುತ್ತು ಬೇಡ. ಕೊರೆಯುವವರು ಒಳಗೆ ಬತ್ತಿ ಹಚ್ಚಿಟ್ಟುಕೊಳ್ಳುವುದು ಬೆಳಕಿಗಾಗಿ ಮಾತ್ರವಲ್ಲ. ಉರಿ ಸೊರಗಿತೆಂದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನಮ್ಮ ಅಡಕೆ ತೋಟಕ್ಕೂ ಮನೆಗೂ ನೀರು ಬರುವುದು ಇವರ ಅಜ್ಜನ ಕಾಲದಲ್ಲಿ ಕೊರೆಸಿದ ಅಂತಹದೇ ಒಂದು ಸುರಂಗದಿಂದ, ಮತ್ತು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದರೊಳಗೆ ಹೋಗಿ ಹೂಳು ತೆಗೆಯುವವರು ಇವರೇ. ಅರುವತ್ತು ದಾಟಿದ ಮೇಲೆ ಆ ಕೆಲಸಕ್ಕೆ ಬೇರೆ ಜನ ಮಾಡಿ ಎಂದು ನಾನು ಹೇಳುತ್ತಲೇ ಇದ್ದೇನೆ. ಹಾಗಾಗಿ ಕನಸಿನ ಸುರಂಗ ಎಲ್ಲಿಂದ ಬಂತೆಂದು ಹುಡುಕಲು ಯಾವ ಪಂಡಿತರೂ ಬೇಕಾಗಿಲ್ಲ.

ನನ್ನನ್ನು ಕಾಡಿದ್ದು ಆ ಮಲಯಾಳ. ನಮ್ಮ ಮನೆಯಲ್ಲಿ ಕನ್ನಡ, ತೋಟದ ಕೆಲಸದವರೊಂದಿಗೆ ತುಳು, ಪೇಟೆಯ ಮೀನಿನ ಅಂಗಡಿಯ ಮುಂದೆ ಹಾದು ಹೋಗುವಾಗ ಬ್ಯಾರಿ, ಕಚೇರಿಗಳಲ್ಲಿ ಮಲಯಾಳ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೇಳುವುದನ್ನು ನಾವು ದಿನವೂ ನಾಲಗೆಯಲ್ಲಿ ನಡೆಸುತ್ತೇವೆ. ಆದರೆ ಗಂಡನೊಂದಿಗೆ ನಾನು ಒಂದು ದಿನವೂ ಮಲಯಾಳ ಮಾತನಾಡಿದವಳಲ್ಲ, ಅವರನ್ನು "ಸಾರೇ" ಎಂದವಳಂತೂ ಅಲ್ಲವೇ ಅಲ್ಲ. ಅದು ಪಿಂಚಣಿಯ ಕಾಗದ ಹಿಡಿದು ಕಿಟಕಿಯ ಮುಂದೆ ನಿಂತಾಗ ನನ್ನ ಬಾಯಿಗೆ ಬರುವ ಸ್ವರ. ಗುಮಾಸ್ತರು ಎದ್ದು ಊಟಕ್ಕೆ ಹೊರಟುಬಿಡುತ್ತಾರೋ ಎಂಬ ಗಾಬರಿಯ ಸ್ವರ. ನನ್ನೊಳಗೆ ಅಂಗಲಾಚುವ ಭಾಷೆ ಅದೊಂದೇ ಇದ್ದುದರಿಂದ ಕನಸು ಅದನ್ನೇ ಎತ್ತಿಕೊಂಡಿರಬೇಕು.

ಮೂರನೆಯ ದೋಸೆಯ ಹೊತ್ತಿಗೆ ಇವರು, "ಎಂತ ಆಯ್ತು ಮಾರಾಯ್ತಿ, ಬೆಳಿಗ್ಗೆಯಿಂದ ಮುಖ ಹೀಗೆ?" ಎಂದು ಕೇಳಿದರು. ನಾನು ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಬೆರಳಿಗಂಟಿದ ಚಟ್ನಿಯನ್ನು ತಟ್ಟೆಯ ಅಂಚಿಗೆ ಒರೆಸುತ್ತಾ ಅವರು ಹೇಳಿದ್ದು ಇಷ್ಟೇ: "ಸಾರೇ ಅಂತ ಕರೆದರೆ ನಾನು ಯಾಕೆ ನಿಲ್ಲುವುದು? ಬೇರೆ ಯಾರನ್ನೋ ಕರೆಯುವುದು ಅಂತ ಹೋಗಿರ್ಬೇಕು."

ನನಗೆ ನಗು ಬಂತು, ಸಿಟ್ಟೂ ಹೋಯಿತು. ಆದರೆ ಆ ಉತ್ತರ ದಿನವಿಡೀ ನನ್ನ ಜೊತೆಗಿತ್ತು. ಕನಸಿನಲ್ಲಿದ್ದ ನನ್ನ ಗಂಡನಿಗೆ ಅಂಥ ಉತ್ತರ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅವರಿಗೆ ನನ್ನ ಭಯಕ್ಕೆ ಎಷ್ಟು ಗೊತ್ತೋ ಅಷ್ಟೇ ಗೊತ್ತು. ನಾನು ಹೆದರಿದ ಹಾಗೆಯೇ ಅವರು ನಡೆದರು. ಊಟದ ಮೇಜಿನ ಈಚೆಗೆ ಕುಳಿತಿದ್ದ ಮನುಷ್ಯನಾದರೋ, ನಾನು ಎಂದೂ ಊಹಿಸದ ಒಂದು ಮಾತನ್ನು ತೆಗೆದಿಟ್ಟು, ಇನ್ನೊಂದು ದೋಸೆ ಕೇಳಿದರು.

ಕನಸುಗಳ ಬಗ್ಗೆ ವಿಜ್ಞಾನಿಗಳು ಕಂಡುಕೊಂಡದ್ದನ್ನು ನಾನು ಸ್ವಲ್ಪ ಓದಿದ್ದೇನೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಅವರು, ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಬಿರುಸಾಗಿ ಓಡಾಡುವ ಅವಧಿಗಳಿವೆಯೆಂದೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಜನ ಹೆಚ್ಚಾಗಿ ಕನಸು ಹೇಳುತ್ತಾರೆಂದೂ ಪ್ರಕಟಿಸಿದರು. ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೆಂದರೆ, ಅಸೆರಿನ್‌ಸ್ಕಿ ಮೊದಮೊದಲು ಕಣ್ಣಿನ ಸುತ್ತ ತಂತಿ ಅಂಟಿಸಿ ಮಲಗಿಸಿದ್ದು ತನ್ನ ಎಂಟು ವರ್ಷದ ಮಗನನ್ನೇ ಎಂಬುದು. ಮಗ ಒಳಗೆ ನಿದ್ರಿಸುತ್ತಿದ್ದಾನೆ, ಅಪ್ಪ ನಿದ್ದೆಗೆಟ್ಟು ಯಂತ್ರದ ಮುಳ್ಳು ಕಾಗದದ ಮೇಲೆ ಗೀಚುವುದನ್ನು ನೋಡುತ್ತಿದ್ದಾನೆ. ಮಗ ಏನು ಕಾಣುತ್ತಿದ್ದಾನೆಂದು ಆ ಗೀಟುಗಳು ಹೇಳುವುದಿಲ್ಲ. ಕಾಣುತ್ತಿದ್ದಾನೆ ಎಂದಷ್ಟೇ ಹೇಳುತ್ತವೆ.

ಇಂತಹ ನಿದ್ರೆ ರಾತ್ರಿಯಲ್ಲಿ ಸುಮಾರು 90 ನಿಮಿಷಗಳಿಗೊಮ್ಮೆ ಮರಳುತ್ತದೆ, ಬೆಳಗಾಗುತ್ತಾ ಬಂದಂತೆ ಅದರ ಅವಧಿ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ನಂಬಿಕೆಯ ಹಿಂದೆ ಇದೇ ಇರಬೇಕೆಂದು ನನ್ನ ಊಹೆ: ಆಗ ಕನಸೂ ಉದ್ದ, ಎಚ್ಚರವೂ ಹತ್ತಿರ, ಆದ್ದರಿಂದ ನೆನಪಿನಲ್ಲಿ ಉಳಿಯುವುದು ಅದೇ. ಆ ಹೊತ್ತಿನಲ್ಲಿ ಮಿದುಳಿನಲ್ಲಿ ಭಯ, ಪ್ರೀತಿ, ಸಿಟ್ಟುಗಳಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿರುತ್ತವೆ. ಇದು ಸರಿ, ಇದು ಅಸಂಬದ್ಧ ಎಂದು ತೂಗಿ ನೋಡುವ ಹಣೆಯ ಹಿಂದಿನ ಭಾಗ ಮಾತ್ರ ಹೆಚ್ಚುಕಡಿಮೆ ರಜೆಯಲ್ಲಿರುತ್ತದೆ. ಅಡುಗೆಮನೆಯ ಸುರಂಗ ನನಗೆ ವಿಚಿತ್ರವೆನಿಸದೆ, ಬತ್ತಿಯ ಉರಿ ಮಾತ್ರ ಎದೆ ನಡುಗಿಸಿದ್ದು ಹೀಗೆ. ನಾನು ಇಷ್ಟು ವರ್ಷ ಕನಸಿನ ವಿಚಿತ್ರ ಭಾಗಕ್ಕೇ ಅರ್ಥ ಹುಡುಕುತ್ತಿದ್ದೆ. ಹಾವು ಕಂಡರೆ ಏನು, ಹಲ್ಲು ಉದುರಿದರೆ ಏನು ಎಂದು ಪಂಚಾಂಗದ ಹಿಂದಿನ ಪುಟಗಳನ್ನು ಮಗುಚಿದ್ದೂ ಉಂಟು. ಈಗ ಅನಿಸುತ್ತದೆ, ಗಮನಿಸಬೇಕಾದದ್ದು ಕನಸಿನಲ್ಲಿ ವಿಚಿತ್ರವಲ್ಲದ ಭಾಗವನ್ನು.

ಇದನ್ನು ನನಗೆ ನಿಜವಾಗಿ ಕಲಿಸಿದವರು ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅವರು ಹದಿನಾಲ್ಕು ವರ್ಷ ಬದುಕಿದ್ದರು, ಮತ್ತು ಆ ಹದಿನಾಲ್ಕು ವರ್ಷವೂ ಮಾವ ಆಗಾಗ ಕನಸಿನಲ್ಲಿ ಬರುತ್ತಿದ್ದರು. ಒಮ್ಮೆ ಆನೆಯ ಮೇಲೆ ಕುಳಿತು ಮಧೂರು ದೇವಸ್ಥಾನದ ಅಂಗಳಕ್ಕೆ ಬಂದರಂತೆ; ಇನ್ನೊಮ್ಮೆ ಚಂದ್ರಗಿರಿ ಹೊಳೆಯ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿದ್ದರಂತೆ. ಎಲ್ಲಿ ಹೇಗೆ ಬಂದರೂ ಕೇಳುತ್ತಿದ್ದದ್ದು ಒಂದೇ: "ಸುಣ್ಣ ಎಲ್ಲಿ?" ಅತ್ತೆ ಬೆಳಿಗ್ಗೆ ಜಗಲಿಯಲ್ಲಿ ಕಾಲು ನೀಡಿ ಕುಳಿತು, "ಅಷ್ಟು ದೂರದಿಂದ ಬಂದವರು ನೀನು ಹೇಗಿದ್ದಿ ಅಂತ ಕೇಳ್ಬಾರ್ದಾ? ಸತ್ತ ಮೇಲೂ ಸುಣ್ಣ ನಾನೇ ಕೊಡ್ಬೇಕಾ?" ಎಂದು ಗೊಣಗುತ್ತಿದ್ದರು. ಗೊಣಗಿ ಮುಗಿದ ಮೇಲೆ ಎದ್ದು ಒಳಗೆ ಹೋಗಿ, ಮಾವನ ಎಲೆಯಡಕೆಯ ತಟ್ಟೆಯಲ್ಲಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕೈ ಅದ್ದಿ ನಾಲ್ಕು ಹನಿ ನೀರು ಬಿಡುತ್ತಿದ್ದರು. ಸುಣ್ಣವನ್ನು ಬಿಟ್ಟರೆ ಗಟ್ಟಿಯಾಗಿ ಸೀಮೆಸುಣ್ಣದಂತಾಗುತ್ತದೆ; ಮೂರು ನಾಲ್ಕು ದಿನಕ್ಕೊಮ್ಮೆ ನೀರು ತಾಗುತ್ತಿದ್ದರೆ ಬೆಣ್ಣೆಯಂತಿರುತ್ತದೆ. ಮಾವ ಹೋದ ಮೇಲೆ ಮನೆಯಲ್ಲಿ ಎಲೆ ಹಾಕುವವರು ಯಾರೂ ಇರಲಿಲ್ಲ.

ಅತ್ತೆಯ ಕನಸುಗಳಲ್ಲಿ ಮಲಯಾಳ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ ಹದಿನೆಂಟು. ರಾಜ್ಯ ಪುನರ್ವಿಂಗಡಣೆ ಪಡಿತರ ಚೀಟಿಯವರೆಗೆ ಬಂತು, ಅವರ ನಿದ್ರೆಯವರೆಗೆ ತಲುಪಲಿಲ್ಲ.

ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ, ಅಕ್ಕಮಹಾದೇವಿ ತಾನು ಕಂಡ ಕನಸನ್ನು ಅಕ್ಕನಿಗೆ ಹೇಳಿಕೊಳ್ಳುವ ವಚನವೊಂದನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಆ ಕನಸಿನಲ್ಲಿ ಮೊದಲು ಕಾಣುವುದು ದೇವರಲ್ಲ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಆಮೇಲೆ ಭಿಕ್ಷೆಗೆ ಬಂದ ಗೊರವ, ಅವನ ಬೆನ್ನು ಹತ್ತಿ ಕೈಹಿಡಿದದ್ದು, ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆದದ್ದು. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಇದು ನಮ್ಮ ಮನೆ ಜಗಲಿಯ ಹಾಗೇ ಉಂಟಲ್ಲ" ಎಂದಳು. ನಾನು ಅಂದು ವಿರಹ, ಶರಣಸತಿ ಲಿಂಗಪತಿ ಎಂದೆಲ್ಲ ವಿವರಿಸಿ ಪಾಠ ಮುಂದುವರಿಸಿದೆ. ಜಗಲಿಯಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ಕನಸು ಮತ್ತು ಪ್ರೀತಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಉಷೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ಬೆಳೆದವರು ಅವಳ ಕಥೆಯನ್ನು ಬಯಲಾಟದಲ್ಲಿ ಒಮ್ಮೆಯಾದರೂ ನೋಡದೆ ಇರುವುದಿಲ್ಲ. ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬನನ್ನು ಕಾಣುತ್ತಾಳೆ. ಗೆಳತಿ ಚಿತ್ರಲೇಖೆ ದೇವತೆಗಳ, ಗಂಧರ್ವರ, ರಾಜಕುಮಾರರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಕಂಡು ಉಷೆ ತಲೆ ತಗ್ಗಿಸುತ್ತಾಳೆ. ಚಿತ್ರಲೇಖೆ ದ್ವಾರಕೆಗೆ ಹೋಗಿ ಮಲಗಿದ್ದವನನ್ನು ಮಲಗಿದ್ದಂತೆಯೇ ಎತ್ತಿ ತರುತ್ತಾಳೆ. ಚಿಕ್ಕವಳಿದ್ದಾಗ ನನಗೆ ಉಷೆಯ ಲಜ್ಜೆಯೇ ಕಥೆಯಾಗಿತ್ತು. ಈಗ ನನ್ನ ಕುತೂಹಲವೆಲ್ಲ ಅನಿರುದ್ಧನ ಕಡೆಗೆ. ಕನಸು ಕಂಡವಳು ಅವಳು, ಅವನಲ್ಲ. ಕಣ್ಣು ಬಿಟ್ಟಾಗ ಕಂಡದ್ದು ಗುರುತಿಲ್ಲದ ಮಾಡು, ಗುರುತಿಲ್ಲದ ದೀಪ, ಗುರುತಿಲ್ಲದ ಹೆಣ್ಣು. ಅವಳು ಕನಸಿನಲ್ಲಿ ಕಂಡವನಂತೆಯೇ ಇರಬೇಕಾದ ಹೊಣೆ ಬೇರೆ ಅವನ ಮೇಲೆ ಬಿತ್ತಲ್ಲ ಎಂದು ಅಯ್ಯೋ ಅನಿಸುತ್ತದೆ.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನಾನು ಎಚ್ಚರಗೊಂಡದ್ದು ಹೆಚ್ಚುಕಡಿಮೆ ಹಾಗೆಯೇ. ಎಲ್ಲೋ ನೀರು ಬೀಳುವ ಸದ್ದು ಕೇಳಿ, ಮಳೆ ಬಂತೆಂದು ಎದ್ದು ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದೆ. ಅಂಗಳದಲ್ಲಿ ಬಿಸಿಲು. ಅದು ಸುರಂಗದ ನೀರು ತೊಟ್ಟಿಗೆ ಬೀಳುವ ಸದ್ದೆಂದೂ, ಹಗಲೂ ರಾತ್ರಿ ಹೀಗೆಯೇ ಇರುತ್ತದೆಂದೂ ಇವರು ಹೇಳಿದರು. ನಮ್ಮಿಬ್ಬರ ಮೊದಲ ಸಂಭಾಷಣೆ ಅದು ಎಂದರೂ ತಪ್ಪಲ್ಲ. ಇವರನ್ನು ನಾನು ಮದುವೆಗೆ ಮುಂಚೆ ಯಾವ ಕನಸಿನಲ್ಲೂ ಕಂಡಿರಲಿಲ್ಲ. ಕಂಡಿದ್ದರೆ ಅವರು ಖಂಡಿತ ಇನ್ನಷ್ಟು ಎತ್ತರವಾಗಿರುತ್ತಿದ್ದರು.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಕನಸಿನ ಬಗ್ಗೆಯೂ ಪ್ರೀತಿಯ ಬಗ್ಗೆಯೂ ಮಾತನಾಡುತ್ತಾರೆ, ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆಯವರೊಂದಿಗೆ. ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಎಲ್ಲವನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ ಎಂದು ಜನಕ ರಾಜನಿಗೆ ಹೇಳುತ್ತಾರೆ. ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ ಎಂದು ಹೆಂಡತಿ ಮೈತ್ರೇಯಿಗೆ ಹೇಳುತ್ತಾರೆ. ಆತ್ಮವೆಂದರೆ ಇಲ್ಲಿ ಸ್ವಾರ್ಥವಲ್ಲ, ಎಲ್ಲರಲ್ಲೂ ಇರುವ ಒಂದೇ ಚೈತನ್ಯ ಎಂಬ ವಿವರಣೆಯನ್ನು ಬಲ್ಲೆ, ಒಪ್ಪುತ್ತೇನೆ ಕೂಡ. ಆದರೂ ಆಸ್ತಿ ಹಂಚಿ ಮನೆ ಬಿಟ್ಟು ಹೊರಟ ಗಂಡ ಹೆಂಡತಿಗೆ ಹೇಳಿದ ಮಾತು ಅದು ಎಂಬುದನ್ನು ಮರೆಯುವುದು ನನಗೆ ಕಷ್ಟ. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗನಿಸುವುದು, ಕನಸಿನಲ್ಲಿ ಬತ್ತಿ ಹಿಡಿದು ಹೋದ ಗಂಡನ ಮಟ್ಟಿಗೆ ಋಷಿಯ ಎರಡು ಮಾತುಗಳೂ ಪೂರ್ತಿ ನಿಜ: ಅವರನ್ನು ಮಾಡಿದವಳೂ ನಾನೇ, ಅವರಿಗಾಗಿ ಹೆದರಿದ್ದೂ ನನಗಾಗಿಯೇ. ದೋಸೆ ತಿನ್ನುತ್ತಾ ಕುಳಿತವರ ವಿಷಯದಲ್ಲಿ ಹಾಗೆನ್ನಲು ನನಗೆ ಧೈರ್ಯ ಸಾಲದು.

ಅತ್ತೆ ಹೋಗಿ ಮೂರು ವರ್ಷವಾಯಿತು. ಆ ಕನಸಿನ ಮುಂದಿನ ತಿಂಗಳು, ವಿಷುವಿನ ಹಿಂದಿನ ದಿನ, ಕಣಿ ಇಡುವುದಕ್ಕಾಗಿ ಹಿತ್ತಾಳೆಯ ಸಾಮಾನುಗಳನ್ನೆಲ್ಲ ಕೆಳಗಿಳಿಸಿ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಮಾವನ ಎಲೆಯಡಕೆಯ ತಟ್ಟೆ ಅಟ್ಟದ ಮೂಲೆಯಲ್ಲಿತ್ತು. ತಟ್ಟೆಯ ಮೇಲೆ ಬೆರಳು ದಪ್ಪ ಧೂಳು, ಅಡಕತ್ತರಿಗೆ ತುಕ್ಕು. ಸುಣ್ಣದ ಡಬ್ಬಿಯ ಮುಚ್ಚಳ ಕಚ್ಚಿಕೊಂಡಿರುತ್ತದೆಂದು ಸೆರಗಿನಿಂದ ಬಿಗಿಯಾಗಿ ಹಿಡಿದು ತಿರುಗಿಸಿದೆ. ಅದು ಸಲೀಸಾಗಿ ಬಂತು. ಏಪ್ರಿಲ್ ತಿಂಗಳ ಆ ಸೆಕೆಯಲ್ಲಿ ಸುರಂಗದ ನೀರೇ ದಾರದಷ್ಟು ಸಣ್ಣದಾಗಿತ್ತು. ಡಬ್ಬಿಯೊಳಗಿನ ಸುಣ್ಣ ಬೆಣ್ಣೆಯಂತಿತ್ತು.

ಇವರು ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ನಾನು ಡಬ್ಬಿಯನ್ನು ಹಿಡಿದುಕೊಂಡು ಹೋಗಿ, "ಇದಕ್ಕೆ ನೀರು ಹಾಕುವುದು ಯಾರು?" ಎಂದು ಕೇಳಿದೆ. ಚೆಂಬನ್ನು ಕಟ್ಟೆಯ ಮೇಲೆ ಕವುಚಿಟ್ಟು, ನನ್ನ ಮುಖ ನೋಡದೆಯೇ ಅವರು ಹೇಳಿದರು, "ಒಣಗಿದರೆ ಮುಚ್ಚಳ ಬರುವುದಿಲ್ಲ. ಡಬ್ಬಿ ಹಾಳಾಗ್ತದೆ."